ಹತ್ತು ಬಿಟ್ಟಿನ ಬಣ್ಣ

ಹುಬ್ಬಳ್ಳಿಯ ಯಾವುದೋ ಕಚೇರಿ ತೆಗೆದುಹಾಕಿದ್ದ ಗ್ರಾಫಿಕ್ಸ್ ಕಾರ್ಡನ್ನು ಕೊಟ್ರೇಶ ಗಜೇಂದ್ರಗಡದ ತನ್ನ ಸ್ಟುಡಿಯೊಗೆ ತಂದದ್ದೇ ತಪ್ಪಾಯಿತು. ಎಂಜಿನಿಯರುಗಳು ಬಳಸುವ ಕಾರ್ಡು. ಹಳೆಯದಾದರೂ ನಾಲ್ಕು ಜಿಬಿ ಮೆಮರಿ, ಸಣ್ಣ ಛಾಯೆಯನ್ನೂ ಬಿಡದೆ ತೋರಿಸುವ ಹತ್ತು ಬಿಟ್ ಬಣ್ಣ. ಸ್ಟುಡಿಯೊ ಇದ್ದ ಮಳಿಗೆಯ ಮಾಲೀಕರಾದ ಪ್ರಭುಲಿಂಗಪ್ಪನವರ ಮಗಳು ಸುವರ್ಣಾಳ ಮದುವೆ ವಿಡಿಯೊ ಅವನ ನಿಧಾನದ ಕಂಪ್ಯೂಟರಿನಲ್ಲಿ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅವಳು ಬಸುರಿಯಾಗಿ ಕುಬಸದ ಶಾಸ್ತ್ರವೇ ಬಂದುಬಿಟ್ಟಿತ್ತು.

"ಸಂಜಿಗೆ ಬೀಗರನ್ನ ಕರಕೊಂಡ ಬರ್ತೀನಿ. ತೋರಿಸಲಿಲ್ಲಂದ್ರ ಅಂಗಡಿಗೆ ಬೀಗಾ ಹಾಕ್ತೀನಿ" ಎಂದು ಅವರು ಫೋನಿನಲ್ಲಿ ಗುಡುಗಿದರು.

ಕಾರ್ಡು ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸಲಿಲ್ಲ. ಪಕ್ಕದ ಟೇಲರ್ ಅಂದಾನೆಪ್ಪ ಇಣುಕಿದ.

"ಇದೇನೋ, ಟ್ರ್ಯಾಕ್ಟರಿನ ರೇಡಿಯೇಟರ್ ತಂದೀಯೇನು? ಸರಿ ಅತ್ತಾಗ!"

ಅವನ ಸುತ್ತಿಗೆಯ ಒಂದೇ ಏಟಿಗೆ ಡಬ್ಬಿ ಎತ್ತು ತುಳಿದ ಕೊಡದಂತಾಯಿತು, ಕಾರ್ಡು ಕೂತಿತು. ಆದರೆ ಅದಕ್ಕೆ ಕರೆಂಟಿನ ಬೇರೆಯದೇ ವೈರು ಬೇಕಿತ್ತು. ಕೊಟ್ರೇಶ ರೋಣದ ಬಸ್ಸು ಹತ್ತಿ ವೈರು ತಂದ. ಆಮೇಲೆ ನೋಡಿದರೆ, ಅವನ ಹಳೆಯ ಮಾನಿಟರಿನ ಪಿನ್ನಿಗೆ ಕಾರ್ಡಿನಲ್ಲಿ ತೂತೇ ಇಲ್ಲ!

"ಮಾನಿಟರ್ ತಲಿಕೆಳಗ ಮಾಡಿ ಹಚ್ಚಿ ನೋಡು" ಎಂದ ಅಂದಾನೆಪ್ಪ.

ಕೊಟ್ರೇಶ ನರಗುಂದಕ್ಕೆ ಓಡಿದ. ಮನೆಗಳ ಪ್ಲ್ಯಾನು ಬರೆಯುವ ಗೆಳೆಯ ಮೈನುದ್ದೀನನ ಮಾನಿಟರನ್ನು ಕಾಡಿಬೇಡಿ ಇಸಿದುಕೊಂಡು, ಕೂಸಿನಂತೆ ಎದೆಗವಚಿ ಬಸ್ಸಿನಲ್ಲಿ ನಿಂತೇ ಬಂದ.

"ಟಿವಿ ಚಾಲೂ ಮಾಡ್ರಿ, ಸೀರಿಯಲ್ ನೋಡೂಣು" ಎಂದ ಕಂಡಕ್ಟರ್.

ಸಂಜೆ ಪರದೆ ಬೆಳಗಿದಾಗ ಕೊಟ್ರೇಶನ ಕಣ್ಣು ತುಂಬಿದವು. ಪ್ರಭುಲಿಂಗಪ್ಪ, ಸುವರ್ಣಾ, ಅವಳ ಅತ್ತೆ ಚನ್ನವ್ವ ಬಂದು ಕೂತರು. ಅಂದಾನೆಪ್ಪನೂ ಸ್ಟೂಲು ಎಳೆದುಕೊಂಡ.

"ಹೂವಿನ ಎಸಳು ಎಸಳೂ ಕಾಣಾಕ್ಹತ್ತಾವಲ್ಲೋ!" ಎಂದರು ಚನ್ನವ್ವ. ಮರುಕ್ಷಣವೇ ಮುಂದಕ್ಕೆ ಬಾಗಿದರು. "ತಡಿ, ಅಲ್ಲೇ ನಿಲ್ಲಸು."

ಅಳಿಯನ ಕೊರಳಿಗೆ ಪ್ರಭುಲಿಂಗಪ್ಪ ಹಾಕಿದ್ದ ಬಂಗಾರದ ಚೈನು ಪರದೆ ತುಂಬ ನಿಂತಿತ್ತು. ಕೊಂಡಿಯ ಹತ್ತಿರ ಮೆರುಗು ಹೋಗಿ ತಾಮ್ರ ಕೆಂಪಗೆ ಹೊಳೆಯುತ್ತಿತ್ತು.

"ಬೀಗರ, ಇದೇನ್ರಿ ಈ ಬಣ್ಣ?"

ಪ್ರಭುಲಿಂಗಪ್ಪನವರ ಹಣೆಯಲ್ಲಿ ಬೆವರೊಡೆಯಿತು. "ಅದು... ಕಾರ್ಡಿನ ದೋಷ ಇರಬೇಕ್ರಿ. ಹೌದಲ್ಲೋ ಕೊಟ್ರೇಶಾ?"

ಕಾರ್ಡು ಬಣ್ಣವನ್ನು ಇದ್ದದ್ದು ಇದ್ದಂತೆಯೇ ತೋರಿಸಿತ್ತು. ಕೊಟ್ರೇಶ ಬಾಯಿ ತೆರೆದ. ತುಂಬು ಗರ್ಭಿಣಿ ಸುವರ್ಣಾ ಸೆರಗಿನ ಚುಂಗು ಹಿಂಡುತ್ತ ಅವನನ್ನೇ ನೋಡುತ್ತಿದ್ದಳು.

"ಹೌದ್ರಿ ಅವ್ವಾರ" ಎಂದ ಅವನು ಸತ್ತ ದನಿಯಲ್ಲಿ. "ಹಳೇ ಕಾರ್ಡು. ಬಣ್ಣಾನ ಬರೋಬ್ಬರಿ ಬರಂಗಿಲ್ಲ."

ಚನ್ನವ್ವ ಹಗುರಾಗಿ ಹಿಂದಕ್ಕೆ ಒರಗಿದರು. ಸುವರ್ಣಾ ನೆಮ್ಮದಿಯ ಉಸಿರು ಬಿಟ್ಟಳು.

ಅಂದಾನೆಪ್ಪ ಸ್ಟೂಲಿನಿಂದ ಎದ್ದ. "ಹೇಳಿದ್ದು ಚಲೋ ಆತು ನೋಡಪಾ. ನನ್ನ ಮಗಳ ಮದುವಿ ವಿಡಿಯೊ ನಿನಗ ಕೊಡಬೇಕಂತ ಮಾಡಿದ್ದೆ. ಇನ್ನ ರೋಣದ ಸ್ಟುಡಿಯೊದವರಿಗೇ ಹೇಳ್ತೀನಿ."