ಇಪ್ಪತ್ತು ರೂಪಾಯಿ ಪುಡಿ, ಒಂದು ಲೀಟರ್ ನೀರು

ಒಂದು ಕಡೆ ಇಪ್ಪತ್ತು ರೂಪಾಯಿಯ ಪುಡಿ, ಒಂದು ಲೀಟರ್ ನೀರು. ಇನ್ನೊಂದು ಕಡೆ ಒಂದು ಕೂಸು. ಇಷ್ಟೇ ವ್ಯವಹಾರ. ಇದರಲ್ಲಿ ನಷ್ಟ ಮಾಡಿಕೊಳ್ಳುವುದಾದರೂ ಹೇಗೆ ಅಂತ ನೀವು ಕೇಳಬಹುದು. ಹಿರಿಯೂರು ಪೇಟೆಯಲ್ಲಿ ನಲವತ್ತು ವರ್ಷದಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ, ನನ್ನನ್ನು ಕೇಳಿ. ಮನಸ್ಸು ಮಾಡಿದರೆ ನಮ್ಮ ಜನ ಇದರಲ್ಲೂ ನಷ್ಟ ಮಾಡಿಕೊಳ್ಳುತ್ತಾರೆ.

ಪ್ರತಿ ವರ್ಷ ಮೊದಲ ಮಳೆ ಬಿದ್ದು ನೀರು ಕದಡಿ, ಕೊಯ್ದಿಟ್ಟ ಹಣ್ಣಿನ ಮೇಲೆ ನೊಣ ಮುತ್ತುವ ಹೊತ್ತಿಗೆ ಮಕ್ಕಳಿಗೆ ಭೇದಿ ಶುರು. ಪಕ್ಕದ ಮೆಡಿಕಲ್ ಶಾಪಿನವನು ಭಾನುವಾರ ಬಾಗಿಲು ಹಾಕುತ್ತಾನೆ, ನಾನು ಹಾಕುವುದಿಲ್ಲ. ಹಾಗಾಗಿ ಓಆರ್‌ಎಸ್ ಪ್ಯಾಕೆಟ್ಟು ನನ್ನ ಅಂಗಡಿಯಲ್ಲೂ ಬೆಲ್ಲದ ಡಬ್ಬಿಯ ಪಕ್ಕ ಕೂತಿದೆ. ಕೊಂಡವರು ಅದನ್ನು ಏನು ಮಾಡಿದರು ಅಂತ ಕೇಳಿ ನಾನು ಬೆಚ್ಚಿಬೀಳುವುದು ವರ್ಷವೂ ಇದ್ದದ್ದೇ. ಹೋದ ವರ್ಷ ಮಾತ್ರ ತಕ್ಕಡಿಯ ಆ ತಟ್ಟೆಯಲ್ಲಿ ಕೂತಿದ್ದದ್ದು ನನ್ನ ಮಗಳ ಮಗ.

ಚಿಟಿಕೆ

ನಮ್ಮ ಓಣಿಯಲ್ಲಿ ಇಡ್ಲಿ ಹೋಟೆಲು ನಡೆಸುವ ಹೆಂಗಸು ಸೋಮವಾರ ಒಂದು ಪ್ಯಾಕೆಟ್ಟು ಒಯ್ದಳು. ಗುರುವಾರ ಉದ್ದಿನಬೇಳೆಗೆ ಬಂದಾಗ ಕೇಳಿದೆ.

"ಹೆಂಗೈತಮ್ಮ ಕೂಸು?"

"ಇನ್ನೂ ಹೋಗ್ತಾನೇ ಐತೆ ಸಾಹೇಬ್ರೆ. ನಿಮ್ಮ ಪುಡಿಯಾಗೆ ಏನೂ ದಮ್ಮಿಲ್ಲ."

"ಇನ್ನೊಂದು ಪ್ಯಾಕೆಟ್ ಕೊಡ್ಲಾ?"

"ಯಾಕೆ? ಅದ್ರಾಗೇ ಇನ್ನೂ ಮುಕ್ಕಾಲು ಐತೆ."

ಹೇಗೆ ಕುಡಿಸಿದೆ ಅಂತ ಬಿಡಿಸಿ ಕೇಳಿದೆ. ಮೂರು ದಿನದಿಂದ ಅವಳು ಒಂದು ಚಮಚ ನೀರಿಗೆ ಒಂದು ಚಿಟಿಕೆ ಪುಡಿ ಹಾಕಿ, ಹೊತ್ತಿಗೊಂದು ಚಮಚದಂತೆ ಔಷಧಿ ಥರ ಕುಡಿಸಿದ್ದಳು. ಹೋಗುತ್ತಿರುವುದು ಚೊಂಬುಗಟ್ಟಲೆ, ಒಳಗೆ ಬರುತ್ತಿರುವುದು ಚಮಚ. ಈ ಲೆಕ್ಕದಲ್ಲಿ ನಡೆಸಿದರೆ ಅವಳ ಹೋಟೆಲು ಒಂದು ವಾರ ಬಾಳುವುದಿಲ್ಲ.

"ಅಮ್ಮಾ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಒಂದೇ ಸಲ ಹಾಕ್ಬೇಕು. ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಸ್ತಾನೇ ಇರ್ಬೇಕು. ಇಪ್ಪತ್ನಾಕು ಗಂಟೆ ಆದ್ಮೇಲೆ ಉಳಿದದ್ದು ಚೆಲ್ಲಿ ಹೊಸದು ಕಲಸ್ಬೇಕು."

ಕೂಸಿಗೆ ಮೂರು ದಿನದಿಂದ ಭೇದಿ ಅಂತ ಆರಾಮಾಗಿ ಹೇಳಿದ್ದವಳು, ಚೆಲ್ಲಬೇಕು ಅನ್ನುವ ಮಾತಿಗೆ ಎದೆ ಮೇಲೆ ಕೈ ಇಟ್ಟುಕೊಂಡಳು.

"ಚೆಲ್ಲೋದಾ? ದುಡ್ಡು ಕೊಟ್ಟು ತಂದಿದ್ದು!"

"ಕೆಡ್ತದೆ ಕಣಮ್ಮ."

"ಕೆಡ್ಲಿ ಬಿಡ್ರಿ, ನಮ್ಮೆಜಮಾನ್ರಿಗೆ ಕೊಡ್ತೀನಿ. ಅವ್ರು ಕುಡಿಯೋದ್ರಾಗೆಲ್ಲ ಅದೇ ವಾಸಿ."

ವಾಲ್ ಬಂದ್

ಈ ಲೀಟರಿನ ಲೆಕ್ಕ ನನಗೆ ಕಲಿಸಿದ್ದು ನಮ್ಮ ಕಡೆಯ ಆಶಾ ಕಾರ್ಯಕರ್ತೆ. ಒಂದು ರೀತಿಯಲ್ಲಿ ಅವಳು ನನ್ನ ವ್ಯಾಪಾರಕ್ಕೆ ಶತ್ರು, ನಾನು ಮಾರುವ ಪ್ಯಾಕೆಟ್ಟನ್ನೇ ಅವಳು ಮನೆಮನೆಗೆ ಬಿಟ್ಟಿ ಹಂಚುತ್ತಾಳೆ. ಆದರೂ ದಿನಸಿಗೆ ನನ್ನ ಅಂಗಡಿಗೇ ಬರುತ್ತಾಳೆ, ಬಂದಾಗ ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ.

ಅವಳು ಕೊತ್ತಂಬರಿ ಬೀಜ ತೂಗಿಸುತ್ತಿದ್ದಾಗ ಪಕ್ಕದ ಹಳ್ಳಿಯ ನೀರುಗಂಟಿ ಬೀಡಿಗೆ ಬಂದ. ಊರಿನ ಟ್ಯಾಂಕಿನಿಂದ ಯಾವ ಓಣಿಗೆ ಯಾವಾಗ ನೀರು ಬಿಡಬೇಕು ಅನ್ನುವುದು ಅವನ ಕೈಯಲ್ಲಿ. ಮುಖ ಬಾಡಿತ್ತು. ಎರಡು ವರ್ಷದ ಮಗಳಿಗೆ ಹಿಂದಿನ ದಿನದಿಂದ ಭೇದಿಯಂತೆ.

"ಏನು ಕೊಟ್ಟೆಯಣ್ಣ?" ಅಂದಳು ಆಶಾ.

"ಏನೂ ಕೊಟ್ಟಿಲ್ಲಕ್ಕ. ನೀರು ಪೂರಾ ಬಂದ್ ಮಾಡ್ಸಿದೀನಿ. ಅವರವ್ವ ಹಾಲು ಕುಡಿಸ್ತೀನಿ ಅಂದ್ಲು, ಅದೂ ಬಂದ್."

"ಯಾಕಣ್ಣ?"

ಅವನು ತನ್ನ ಕಸುಬು ಗೊತ್ತಿರುವವನ ಗತ್ತಿನಲ್ಲಿ ಹೇಳಿದ: "ಸೋರೋ ಪೈಪಿಗೆ ನೀರು ಬಿಟ್ರೆ ಇನ್ನೂ ಸೋರಲ್ವಾ? ಫಸ್ಟ್ ವಾಲ್ ಬಂದ್ ಮಾಡ್ಬೇಕು, ಆಮೇಲೆ ರಿಪೇರಿ."

ಒಂದು ಗಳಿಗೆ ನನಗೂ ಅದು ಸರಿ ಅನ್ನಿಸಿಬಿಟ್ಟಿತ್ತು.

"ಪೈಪು ಒಣಗಿದ್ರೆ ಸಾಯಲ್ಲ ಕಣಣ್ಣ, ಕೂಸು ಸಾಯುತ್ತೆ!" ಎಂದು ಆಶಾ ಚೀಲದಿಂದ ಪ್ಯಾಕೆಟ್ಟು, ಜಿಂಕ್ ಮಾತ್ರೆ ಎರಡನ್ನೂ ತೆಗೆದು ಅವನ ಕೈಗೆ ಬಡಿದಳು. "ಹಾಲು ಬಿಡಿಸ್ಬ್ಯಾಡ. ಗಂಜಿ, ಮಜ್ಜಿಗೆ ಕೊಡು. ಭೇದಿ ನಿಂತ್ರೂ ಮಾತ್ರೆ ಹದಿನಾಲ್ಕು ದಿನ. ನಡಿ, ನಾನೂ ಬರ್ತೀನಿ, ನಿನ್ನ ನಂಬಲ್ಲ."

ಅಷ್ಟರಲ್ಲಿ ಅದೇ ಹಳ್ಳಿಯ ಮುದುಕಿಯೊಬ್ಬಳು, ಎಣ್ಣೆಗೆ ಬಂದವಳು, ಅವನ ತೋಳು ಹಿಡಿದು ನಿಲ್ಲಿಸಿದಳು.

"ತಡಿಯಪ್ಪ. ನಮ್ಮೋಣಿಗೆ ನೀರು ಬಿಟ್ಟು ಐದು ದಿನ ಆಯ್ತು. ನಮಗೂ ಭೇದಿ ಆಗೈತೆ ಅಂತ ಬಂದ್ ಮಾಡಿದೀಯಾ?"

ಡಬ್ಬಿ ಜ್ಯೂಸು

ಊರವರ ತಪ್ಪು ಹೇಳಿ ನನ್ನದು ಮುಚ್ಚಿಟ್ಟರೆ ತೂಕದಲ್ಲಿ ಮೋಸ ಮಾಡಿದ ಹಾಗೆ.

ಅದೇ ವಾರ ಮಾಲು ಹಾಕುವ ಸೇಲ್ಸ್‌ಮನ್ ಬಣ್ಣಬಣ್ಣದ ರಟ್ಟಿನ ಡಬ್ಬಿ ತಂದ. ಕಿತ್ತಳೆ ರುಚಿ, ಸೇಬಿನ ರುಚಿ, ಜೊತೆಗೆ ಹೀರಲು ಒಂದು ಕೊಳವೆ. "ಪುಡಿ ಕಲಸೋ ರಗಳೆ ಯಾಕೆ ಸಾಹೇಬ್ರೆ? ಭೇದಿಗೆ ಇದನ್ನೇ ಕೊಡ್ತಾರೆ ಈಗ" ಅಂದ. ಲಾಭವೂ ಜಾಸ್ತಿ ಇತ್ತು. ಎರಡು ಬಾಕ್ಸ್ ಇಳಿಸಿಕೊಂಡೆ. ಜಾತ್ರೆಯಲ್ಲಿ ಪೀಪಿ ಮಾರಿದ ಹಾಗೆ ಮಾರಿದೆ.

ಆಶಾ ಒಂದು ಡಬ್ಬಿ ಎತ್ತಿಕೊಂಡು ಹಿಂಭಾಗದ ಸಣ್ಣಕ್ಷರ ಓದಿದಳು. ಆಮೇಲೆ ನನ್ನನ್ನು ನೋಡಿದಳು. ಹುಳ ಬಿದ್ದ ಬೇಳೆಯನ್ನು ಗಿರಾಕಿ ನೋಡುವ ಹಾಗೆ.

"ಇದು ಬರೀ ಸಕ್ಕರೆ ನೀರು ಸಾಹೇಬ್ರೆ. ಉಪ್ಪಿನ ಅಳತೆ ಎಲ್ಲೈತೆ? ಇಷ್ಟು ಸಕ್ಕರೆ ಹೊಟ್ಟೆಗೆ ಹೋದ್ರೆ ಭೇದಿ ನಿಲ್ಲಲ್ಲ, ಇನ್ನೂ ಜೋರಾಗುತ್ತೆ."

ಯಾರ್‍ಯಾರ ಮನೆಗೆ ಹೋಗಿದೆ ಅಂತ ನೆನೆಸಿಕೊಂಡೆ. ಭೇದಿಯಾದ ಕೂಸಿದ್ದ ನಾಲ್ಕು ಮನೆಗೆ ನಾನೇ ನಡೆದು ಹೋಗಿ ಪುಡಿಯ ಪ್ಯಾಕೆಟ್ಟು ಕೊಟ್ಟು ಡಬ್ಬಿ ವಾಪಸು ತಂದೆ. ಸೇಲ್ಸ್‌ಮನ್ ಮುಂದಿನ ವಾರ ಬಂದಾಗ ಗದರಿದೆ, "ಲೇ, ಇದು ಕುಡಿದ್ರೆ ಭೇದಿ ಜಾಸ್ತಿ ಆಗುತ್ತಂತಲ್ಲೋ!"

ಅವನು ಸ್ವಲ್ಪವೂ ಅಳುಕಲಿಲ್ಲ. "ಅದಕ್ಕೇ ನೋಡ್ರಿ, ಕೊಂಡೋರು ಇನ್ನೊಂದ್ಸಲ ಬಂದೇ ಬರ್ತಾರೆ."

ನಲವತ್ತು ವರ್ಷದ ವ್ಯಾಪಾರದಲ್ಲಿ, ತನ್ನ ಗಿರಾಕಿಯನ್ನು ತಾನೇ ತಯಾರು ಮಾಡಿಕೊಳ್ಳುವ ಸರಕು ನೋಡಿದ್ದು ಅದೇ ಮೊದಲು.

ಒಣ ಡಯಾಪರ್

ಭರಮಸಾಗರಕ್ಕೆ ಕೊಟ್ಟ ನನ್ನ ಮಗಳು ಒಂದೂಕಾಲು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಅಂಗಡಿಯ ಹಿಂದೆಯೇ ಮನೆ. ಬುಧವಾರ ಬೆಳಗ್ಗೆಯಿಂದ ಹುಡುಗನಿಗೆ ನೀರು ನೀರಾಗಿ ಹೋಗತೊಡಗಿತು. ನಾನು ಒಂದು ಪ್ಯಾಕೆಟ್ಟು ಒಳಗೆ ಕಳಿಸಿ ಗಲ್ಲಾಕ್ಕೆ ಬಂದು ಕೂತೆ. ಊರಿಗೆಲ್ಲ ಭಾಷಣ ಮಾಡಿದವನ ಮನೆಯಲ್ಲಿ ಇನ್ನೇನು ಬೇಕು?

ಒಳಗೆ ಆದದ್ದೇ ಬೇರೆ. ಎರಡು ಸಲ ಕುಡಿಸಿದರು, ಎರಡು ಸಲವೂ ವಾಂತಿ ಮಾಡಿದ. "ಹೊಟ್ಟೇಲಿ ನಿಲ್ತಿಲ್ಲ, ಬಿಡು" ಅಂತ ನಿಲ್ಲಿಸಿಬಿಟ್ಟರು. "ಹಲ್ಲು ಬರ್ತಾ ಅವೆ, ಅದಕ್ಕೇ" ಅಂದಳು ನಮ್ಮಾಕೆ. ಮೂರು ಗಂಟೆಗೆ ನಾನು ಒಳಗೆ ಇಣುಕಿದೆ. ಹುಡುಗ ಮಗಳ ತೊಡೆ ಮೇಲೆ ಸುಮ್ಮನೆ ಮಲಗಿದ್ದ. ಅಳುವಿಲ್ಲ, ರಚ್ಚೆಯಿಲ್ಲ.

"ಭೇದಿ ನಿಂತ ಹಾಗೈತೆ ಅಬ್ಬಾಜಾನ್" ಅಂದಳು ಮಗಳು. "ಮಧ್ಯಾಹ್ನ ಹಾಕಿದ ಡಯಾಪರ್ ಇನ್ನೂ ಒಣಗೇ ಐತೆ."

ನನಗೆ ಹೆಮ್ಮೆಯಾಯಿತು. ಡಯಾಪರ್ ನಮ್ಮ ಅಂಗಡಿಯದು. "ನೋಡು, ಒಳ್ಳೇ ಕಂಪನಿ ಮಾಲು ಅಂದ್ರೆ ಹಿಂಗಿರುತ್ತೆ" ಅಂದೆ.

ಆಗ ಬಾಗಿಲಲ್ಲಿ ಯಲ್ಲದಕೆರೆಯ ಕುರಿಗಾರ ನಿಂತಿದ್ದ. ಕುರಿಗಳಿಗೆ ಕಲ್ಲುಪ್ಪು ಒಯ್ಯಲು ಬರುವ ಹಳೆಯ ಗಿರಾಕಿ, ಹೆಗಲ ಮೇಲೆ ಕಂಬಳಿ. ನಮ್ಮ ಮಾತು ಕೇಳಿಸಿಕೊಂಡು ಒಳಗೆ ಬಗ್ಗಿ ನೋಡಿದವನು, ಉಪ್ಪಿನ ಚೀಲ ಕೆಳಗಿಟ್ಟು ನೇರ ಬಂದ. ಹುಡುಗನ ಅಂಗಿ ಸರಿಸಿ ಹೊಟ್ಟೆಯ ಚರ್ಮ ಎರಡು ಬೆರಳಲ್ಲಿ ಹಿಡಿದು ಎತ್ತಿ ಬಿಟ್ಟ.

"ಏಯ್! ಕೂಸು ಕಣೋ ಅದು, ನಿನ್ನ ಕುರಿಮರಿ ಅಲ್ಲ!" ಅಂತ ಕೂಗಿದೆ.

"ಕುರಿಮರಿ ಆಗಿದ್ರೆ ಬೆಳಗ್ಗೇನೇ ನೀರು ಕುಡಿಸಿರ್ತಿದ್ದೆ ಸಾಹೇಬ್ರೆ. ಮನುಷ್ಯರ ಮರಿ ಅಂತ ಸುಮ್ಕೆ ಕುಂತಿದೀರಿ. ಇಲ್ನೋಡ್ರಿ."

ನೋಡಿದೆ. ಎತ್ತಿದ ಚರ್ಮ ಪಟ್ಟಂತ ಕೂರಲಿಲ್ಲ. ಮಡಚಿಟ್ಟ ಬಟ್ಟೆಯ ನಿರಿಗೆಯ ಹಾಗೆ ನಿಂತು, ನಿಧಾನಕ್ಕೆ ಇಳಿಯಿತು. ಕಣ್ಣು ಗುಳಿಬಿದ್ದಿದ್ದವು. ಚಿವುಟಿದ್ದಕ್ಕೆ ಹುಡುಗ ಅಳಲು ಬಾಯಿ ತೆರೆದ. ಅಳುವಿತ್ತು, ಕಣ್ಣೀರಿರಲಿಲ್ಲ.

"ಉಚ್ಚೆ ಹೊಯ್ದು ಎಷ್ಟೊತ್ತಾತು?" ಅಂದ ಕುರಿಗಾರ.

ಯಾರಿಗೂ ಗೊತ್ತಿರಲಿಲ್ಲ. ಒಳಗಿದ್ದರಲ್ಲವೇ ಹೊರಗೆ ಬರುವುದು? ನಾನು ಹೊಗಳಿದ್ದು ಕಂಪನಿಯನ್ನಲ್ಲ, ಮೊಮ್ಮಗ ಬತ್ತಿಹೋದದ್ದನ್ನು.

ಆಶಾಗೆ ಫೋನು ಮಾಡಿದೆ. "ಎಚ್ಚರ ಐತಾ? ಕುಡೀತೈತಾ?" ಅಂದಳು. ಚಮಚ ಬಾಯಿಗಿಟ್ಟರೆ ಆಸೆಯಿಂದ ಚೀಪುತ್ತಿದ್ದಾನೆ ಅಂದೆ. "ಕುಡಿಸ್ತಾನೇ ಆಸ್ಪತ್ರೆಗೆ ಹೋಗ್ರಿ, ಈಗ್ಲೇ. ಲೆಕ್ಕ ಆಮೇಲೆ ಬರೀರಿ."

ನಲವತ್ತು ವರ್ಷದಲ್ಲಿ ಮೊದಲ ಸಲ ಗಿರಾಕಿ ನಿಂತಿದ್ದಾಗಲೇ ಅಂಗಡಿ ಬಾಗಿಲು ಎಳೆದೆ. ಆಟೋದಲ್ಲಿ ನಾನು, ಮಗಳು, ನಮ್ಮಾಕೆ, ಚೊಂಬು, ಚಮಚ. ಡ್ರೈವರ್ ಪಕ್ಕ ಕುರಿಗಾರ. "ನೀನ್ಯಾಕೆ?" ಅಂದೆ. "ನನ್ನ ಉಪ್ಪು ಒಳಗೇ ಹಾಕಿ ಬೀಗ ಹಾಕಿದೀರಲ್ಲ, ಹೋಗಾಣ ನಡೀರಿ" ಅಂದ.

ಆಸ್ಪತ್ರೆಯಲ್ಲಿ ನರ್ಸಮ್ಮ ಹುಡುಗನನ್ನು ನನ್ನ ತೊಡೆ ಮೇಲೆ ಕೂರಿಸಿ, ಡಯಾಪರ್ ಬಿಚ್ಚಿಸಿ, ಚಮಚ ನನ್ನ ಕೈಗೇ ಕೊಟ್ಟಳು. "ನಿಮಿಷಕ್ಕೆ ಒಂದು ಚಮಚ. ವಾಂತಿ ಮಾಡಿದ್ರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನಕ್ಕೆ. ನಿಲ್ಲಿಸೋ ಹಾಗಿಲ್ಲ. ಉಚ್ಚೆ ಬರೋವರೆಗೂ ಏಳ್ಬ್ಯಾಡ್ರಿ."

ಹತ್ತಿ ಹರಾಜು, ಈರುಳ್ಳಿ ರೇಟು, ಏನೇನಕ್ಕೋ ಕಾದಿದ್ದೇನೆ. ಒಂದು ಅಂಗೈ ಉಚ್ಚೆಗೆ ಹೀಗೆ ಕಾದದ್ದಿಲ್ಲ. ಒಂದು ಗಂಟೆಯಾಯಿತು. ಎರಡಾಯಿತು. ಇಡೀ ವಾರ್ಡಿಗೆ ವಿಷಯ ಗೊತ್ತಾಗಿ, ಹಾದುಹೋಗುವವರೆಲ್ಲ "ಬಂತಾ?" ಅಂತ ಕೇಳಿಕೊಂಡೇ ಹೋಗುತ್ತಿದ್ದರು. ಪಕ್ಕದ ಮಂಚದ ಅಜ್ಜಿ ನಮ್ಮ ಸಂಕಟ ನೋಡಲಾರದೆ, ಎಲ್ಲ ಅಜ್ಜಿಯರೂ ಕೂಸುಗಳಿಗೆ ಮಾಡುವ ಹಾಗೆ "ಸ್ಸ್ಸ್... ಸ್ಸ್ಸ್..." ಅಂತ ಶುರು ಮಾಡಿದಳು. ನಮ್ಮಾಕೆ ದನಿಗೂಡಿಸಿದಳು. ಕುರಿಗಾರ ಸೇರಿಕೊಂಡ. ನೋಡುನೋಡುತ್ತಾ ವಾರ್ಡಿಗೆ ವಾರ್ಡೇ ಸ್ಸ್ಸ್ ಅನ್ನತೊಡಗಿತು.

ಮೂಲೆಯಲ್ಲಿ ಕೂತಿದ್ದ ಯಾರದೋ ತಾತ ಧಡಕ್ಕನೆ ಎದ್ದು ಪಂಚೆ ಹಿಡಿದುಕೊಂಡು ಕಕ್ಕಸಿನ ಕಡೆ ಓಡಿದರು. ಅವರ ಹಿಂದೆ, ಬಾಡಿಗೆಗೆ ಕಾಯುತ್ತಿದ್ದ ನಮ್ಮ ಆಟೋ ಡ್ರೈವರ್ ಓಡಿದ. ನನಗೂ ಅವಸರವಾಗಿತ್ತು, ಆದರೆ ಏಳುವ ಹಾಗಿರಲಿಲ್ಲ.

ಅಷ್ಟರಲ್ಲಿ ತೊಡೆ ಬೆಚ್ಚಗಾಯಿತು. ಒಂದು ಗಳಿಗೆ ನಿಜಕ್ಕೂ ಗಾಬರಿಬಿದ್ದೆ: ಇದು ಅವನದೋ, ನನ್ನದೋ?

"ಅವನದೇ!" ಅಂತ ಕಿರುಚಿದಳು ಮಗಳು.

ಆವತ್ತಿನ ಲೆಕ್ಕ ಇಷ್ಟು. ಹೋದದ್ದು: ಅರ್ಧ ದಿನದ ವ್ಯಾಪಾರ, ಒಂದು ಬಿಳಿ ಪೈಜಾಮ, ನಾನು ಬಲ್ಲವನು ಅನ್ನುವ ಹೆಸರು. ಬಂದದ್ದು: ಉಚ್ಚೆ, ಅರ್ಧ ಲೋಟ, ಒಂದು ತೊಟ್ಟೂ ಕಡಿಮೆಯಿಲ್ಲ.