ಆ ಕಡೆಯ ಬ್ರೇಕು

ನನ್ನ ಹೆಂಡತಿಯನ್ನು ಇನ್ನು ಮುಂದೆ ನಾನೇ ನಡೆಸುತ್ತೇನೆ, ಯಾವನ ಹಂಗೂ ಬೇಡ ಎಂದು ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯ ಮುಂದೆ ಘೋಷಣೆ ಮಾಡಿದೆ. ಕನ್ನಡಿಯೊಳಗಿನ ಮನುಷ್ಯ ಬಾಯಿತುಂಬ ನೊರೆ ಇಟ್ಟುಕೊಂಡೇ ಒಪ್ಪಿಕೊಂಡ. ಒಪ್ಪದೆ ಏನು ಮಾಡಿಯಾನು? ನಾನು ಯಾರು! ಡ್ರೈವಿಂಗ್ ಸ್ಕೂಲ್ ಇಟ್ಟು ಅರ್ಧ ಊರಿನ ಕೈಗೆ ಸ್ಟಿಯರಿಂಗ್ ಕೊಟ್ಟವನು. ಗೇರು ಎಂದರೆ ಹಣ್ಣು ಎಂದುಕೊಂಡಿದ್ದವರನ್ನೂ ಹೆದ್ದಾರಿಗೆ ಹತ್ತಿಸಿದವನು. ನಾಲ್ಕು ಚಕ್ರದ ಗಾಡಿ ನಡೆಸಲು ಕಲಿಸಿದವನಿಗೆ ಎರಡು ಕಾಲಿನ ಹೆಂಡತಿಯನ್ನು ನಡೆಸುವುದು ಯಾವ ಮಹಾವಿದ್ಯೆ?

ವಿಷಯ ಇಷ್ಟೇ. ಹೆಂಡತಿಯ ಬಲಗಡೆಯ ಸೊಂಟದ ಕೀಲು ಸವೆದುಹೋಗಿತ್ತು. ಡಾಕ್ಟರು ಅದನ್ನು ತೆಗೆದು ಹೊಸದು ಕೂರಿಸಿದರು. ಕೀಲು ಚೆನ್ನಾಗಿಯೇ ಕೂತಿತು, ಧೈರ್ಯ ಮಾತ್ರ ಕೂರಲಿಲ್ಲ. ಎದ್ದು ನಿಂತರೆ ಸಾಕು, ನೆಲ ಓಡಿಹೋಗುತ್ತದೆಯೇನೋ ಎಂಬಂತೆ ಕೆಳಗೇ ನೋಡುತ್ತಿದ್ದಳು. ನಮ್ಮ ಬೀದಿಯ ಕೊನೆಯಲ್ಲಿ ಅವಳದೊಂದು ಬಟ್ಟೆ ಹೊಲಿಯುವ ಅಂಗಡಿ ಇದೆ. ಆಪರೇಷನ್ನಿನ ಹಿಂದಿನ ದಿನ ಹಾಕಿದ ಬೀಗ ಹಾಗೇ ನೇತಾಡುತ್ತಿತ್ತು. ಒಂದು ದಿನ ನಾನು, ಕಾರಿನಲ್ಲಿ ಬಾಗಿಲ ತನಕ ಬಿಟ್ಟು ಬರುತ್ತೇನೆ ಬಾ ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಕಾರಲ್ಲಿ ಹೋಗಿ ಇಳಿದ್ರೆ ನಾನು ಪೇಶೆಂಟು. ನಡ್ಕೊಂಡು ಹೋಗಿ ಬೀಗ ತೆಗೆದ್ರೆ ಟೈಲರು. ನಡ್ಕೊಂಡೇ ಹೋಗ್ತೀನಿ."

ಹಾಗಾಗಿ ಮನೆಗೆ ಫಿಸಿಯೋಥೆರಪಿಸ್ಟ್ ಬರತೊಡಗಿದ. ನಾನು ಅವನಿಗೆ ವೆರಿಗುಡ್ ಎಂದು ಹೆಸರಿಟ್ಟೆ. ಅವನ ಬಾಯಿಂದ ಹೊರಡುತ್ತಿದ್ದದ್ದು ಹೆಚ್ಚುಕಡಿಮೆ ಆ ಒಂದೇ ಮಾತು. ಹೆಂಡತಿ ಮಂಡಿ ಎತ್ತಿದರೆ ವೆರಿ ಗುಡ್. ಇಳಿಸಿದರೆ ವೆರಿ ಗುಡ್. ಸುಸ್ತಾಗಿ ಕೂತರೆ ಅದೂ ವೆರಿ ಗುಡ್! ನನ್ನ ಇಡೀ ವೃತ್ತಿಜೀವನದಲ್ಲಿ ನಾನು ಯಾರಿಗೂ ಆ ಮಾತು ಹೇಳಿದವನಲ್ಲ. ಗುದ್ದದೆ ಕಾರು ನಿಲ್ಲಿಸಿದವರಿಗೂ "ಹ್ಞೂಂ" ಎಂದಿದ್ದೇ ಹೆಚ್ಚು.

ಆ ವೆರಿಗುಡ್ಡು ನನ್ನ ಮನೆಯಲ್ಲಿ ನಡೆಸಿದ ಕ್ರಾಂತಿಯನ್ನು ಏನೆಂದು ವರ್ಣಿಸಲಿ! ಕಾಲ ಮೇಲೆ ಕಾಲು ಹಾಕಬೇಡಿ ಮೇಡಂ ಎಂದ, ಅವಳು ಹಾಕಲಿಲ್ಲ. ತಗ್ಗು ಕುರ್ಚಿಯಲ್ಲಿ ಕೂರಬೇಡಿ ಎಂದ, ಕೂರಲಿಲ್ಲ. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು ಇರಲಿ ಎಂದ. ಅವಳು ಇಟ್ಟುಕೊಂಡಳು. ಅದು ನನ್ನ ದಿಂಬು. ಅವತ್ತಿನಿಂದ ನಾನು ಮಡಚಿದ ಟವೆಲ್ಲಿನ ಮೇಲೆ ತಲೆಯಿಡುತ್ತಿದ್ದೇನೆ.

ಕೋಲಿನ ವಿಷಯದಲ್ಲಂತೂ ನನ್ನ ಮಾನವೇ ಹೋಯಿತು. ಆಪರೇಷನ್ ಆದದ್ದು ಬಲಗಡೆ, ಅವನು ಕೋಲು ಕೊಟ್ಟದ್ದು ಎಡಗೈಗೆ! ನೋವು ಒಂದು ಕಡೆ, ಆಸರೆ ಇನ್ನೊಂದು ಕಡೆ, ಇದೆಂಥ ಲೆಕ್ಕ ಎಂದು ನಾನು ತಕರಾರು ತೆಗೆದೆ. ಆಸರೆ ಎದುರುಗಡೆಯೇ ಇರಬೇಕು, ಆಗಲೇ ಹೊಸ ಕೀಲಿಗೆ ಭಾರ ಕಡಿಮೆ ಎಂದು ಅವನು ವಿವರಿಸಿದ. ನಾನು ಇನ್ನೇನೋ ಹೇಳಲು ಬಾಯಿ ತೆರೆದೆ.

"ಅವರು ಹೇಳಿದ್ಮೇಲೆ ಮುಗೀತು ಬಿಡಿ," ಎಂದಳು ಹೆಂಡತಿ.

ಮುಗೀತಂತೆ! ಮದುವೆಯಾದಾಗಿನಿಂದ ನಾನು ಏನಾದರೂ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಯಾವುದೂ ಮುಗಿದದ್ದಿಲ್ಲ. ನಾನು ಹೇಳಿದ ಮೇಲೆಯೇ ಎಲ್ಲ ಶುರುವಾಗುತ್ತಿತ್ತು.

ಸುತ್ತಿ ಬಳಸಿ ಹೇಳುವುದೇಕೆ, ನನಗೆ ಹೊಟ್ಟೆಕಿಚ್ಚು. ಅವನು ಬರುವ ಹೊತ್ತಿಗೆ ಇವಳು ತಲೆ ಬಾಚಿ ಸಿದ್ಧವಾಗಿರುತ್ತಿದ್ದಳು. ಅವನಿಗೆ ಕಾಫಿ ಕೊಡುವಾಗ ಗಾಜಿನ ಕಪಾಟಿನಲ್ಲಿದ್ದ ಕಪ್ಪು-ಬಸಿ ಹೊರಗೆ ತೆಗೆಯಬೇಕೆಂದು ನನಗೇ ಅಪ್ಪಣೆಯಾಗುತ್ತಿತ್ತು. ನನ್ನ ಲೋಟಕ್ಕೆ ಹಿಡಿಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಆ ಬೆಲ್ಟು. ಅವಳ ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ, ಹಿಂದಿನಿಂದ ಎರಡೇ ಎರಡು ಬೆರಳಲ್ಲಿ ಅದನ್ನು ಹಿಡಿದು, "ಹಿಮ್ಮಡಿ ಮೊದಲು, ಆಮೇಲೆ ಬೆರಳು" ಎನ್ನುತ್ತ ಅವನು ಪ್ಯಾಸೇಜಿನ ಉದ್ದಕ್ಕೂ ನಡೆಸುತ್ತಿದ್ದ. ಇವಳು ಮೊದಲು ವಾಕರ್ ಬಿಟ್ಟಳು. ಆಮೇಲೆ ಕೋಲಿನಲ್ಲೇ ಪ್ಯಾಸೇಜಿನ ಆ ತುದಿ ಮುಟ್ಟಿದಳು. ಅವನು ಹೋದ ಮೇಲೆ ನಾನು ತೋಳು ಹಿಡಿದರೆ ಮಾತ್ರ ಅದೇ ಪ್ಯಾಸೇಜು ಅವಳಿಗೆ ಸಮುದ್ರವಾಗುತ್ತಿತ್ತು. ನನ್ನ ಹೆಂಡತಿ, ನನ್ನ ಪ್ಯಾಸೇಜು, ಧೈರ್ಯ ಮಾತ್ರ ಅವನ ಕೈಯಲ್ಲಿ!

ಕನ್ನಡಿಯ ಮುಂದಿನ ಘೋಷಣೆಗೆ ಇದು ಕಾರಣ. ಘೋಷಣೆಯಾದ ಮೇಲೆ ಕಾರ್ಯಾಚರಣೆ. ನಾವು ಒಂದು ವಾರ ಊರಲ್ಲಿರುವುದಿಲ್ಲ ಎಂದು ವೆರಿಗುಡ್ಡಿಗೆ ಫೋನ್ ಮಾಡಿದೆ. ಅವನಿಗೆ ಒಂದು ವಾರ ಬಿಡುವಿಲ್ಲವಂತೆ ಎಂದು ಹೆಂಡತಿಗೆ ಹೇಳಿದೆ. ಸ್ಕೂಲಿನಲ್ಲಿ ದಾರಿ ಗುರುತಿಸಲು ನಿಲ್ಲಿಸುವ ಕೆಂಪು ಪ್ಲಾಸ್ಟಿಕ್ ಕೋನುಗಳನ್ನು ತಂದು ಪ್ಯಾಸೇಜಿನಲ್ಲಿ ಸಾಲಾಗಿ ಜೋಡಿಸಿದೆ. ಬೆಲ್ಟು ಕಟ್ಟಿ ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. ಎರಡು ಬೆರಳು ಸಾಕಾಗಲು ನಾನೇನು ಬಾಡಿಗೆಗೆ ಬಂದವನೇ?

ಇಲ್ಲಿ ನನ್ನ ವೃತ್ತಿಯ ಒಂದು ಗುಟ್ಟು ಹೇಳಬೇಕು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಪಕ್ಕಕ್ಕೆ ಕೂರುವ ಗುರುವಿನ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಆ ಕಡೆಯ ಬ್ರೇಕಿನ ಮೇಲಿಂದ ನನ್ನ ಕಾಲು ಎಂದೂ ಎದ್ದದ್ದಿಲ್ಲ. ಹೆಂಡತಿಗೂ ಒಮ್ಮೆ ಕಲಿಸಲು ಹೋಗಿದ್ದೆ. ಬೀದಿಯ ತಿರುವು ಬರುವುದರೊಳಗೆ ಅವಳು ಇಳಿದು, ಬಾಗಿಲು ದಬ್ಬೆಂದು ಹಾಕಿ, ಓಡಿಸುತ್ತಿರುವುದು ನಾನೋ ನೀವೋ ಎಂದು ಕೇಳಿ ಮನೆಗೆ ನಡೆದುಬಿಟ್ಟಿದ್ದಳು. ಅವಳಿಗೆ ಕೈ ಕೂರುವುದಿಲ್ಲ ಎಂದು ನಾನು ತೀರ್ಪು ಕೊಟ್ಟಿದ್ದೆ. ಅದಿರಲಿ.

ಪ್ಯಾಸೇಜಿನಲ್ಲಿ ಅವಳು ಒಂದು ಹೆಜ್ಜೆ ಇಟ್ಟಳು. ಸ್ವಲ್ಪ ವಾಲಿದಂತೆ ಕಂಡಿತು. ಎಳೆದೆ. ನಿಂತಳು. ಇನ್ನೊಂದು ಹೆಜ್ಜೆ ಎತ್ತಿದಳು. ಎಲ್ಲಿ ಬೀಳುತ್ತಾಳೋ ಎಂದು ಮತ್ತೆ ಎಳೆದೆ. ಮೂರನೆಯದನ್ನು ಅವಳು ಎತ್ತಲೇ ಇಲ್ಲ.

"ಹಿಂದಿಂದ ಹಿಂಗೆ ಎಳೆದ್ರೆ ನಾನು ಮುಂದಕ್ಕೆ ಹೇಗ್ರೀ ಹೋಗ್ಲಿ?"

"ಬೀಳ್ತೀಯ ಅಂತ ಹಿಡ್ಕೊಂಡೆ ಕಣೇ."

"ನೀವು ಹಿಡ್ಕೊಂಡಾಗ್ಲೇ ನಂಗೆ ಬೀಳ್ತೀನಿ ಅನ್ಸೋದು."

ವಾರ ಕಳೆಯುವಷ್ಟರಲ್ಲಿ ನನ್ನ ಶಿಕ್ಷಣ ಫಲ ಕೊಟ್ಟಿತು. ಕೋಲಿನಲ್ಲಿ ನಡೆಯುತ್ತಿದ್ದವಳು ಅಟ್ಟದ ಮೇಲಿದ್ದ ವಾಕರನ್ನು ಇಳಿಸಿ ಕೊಡಿ ಎಂದಳು. ಅಂಗಡಿಯ ಬೀಗದ ಕೈ ಅವಳ ದಿಂಬಿನ ಪಕ್ಕದಲ್ಲಿರುತ್ತಿತ್ತು, ಅದನ್ನು ಬೀರುವಿನೊಳಗೆ ಇಟ್ಟುಬಿಟ್ಟಳು. ನನಗೆ ಸಂಕಟವಾಯಿತು. ಆದರೆ ಸಂಕಟಕ್ಕಿಂತ ಹೊಟ್ಟೆಕಿಚ್ಚು ಒಂದು ತೂಕ ಹೆಚ್ಚೇ ಇತ್ತು. ಇನ್ನೊಂದು ವಾರಕ್ಕೆ ಏನು ಸುಳ್ಳು ಹೇಳುವುದು ಎಂದು ಯೋಚಿಸುತ್ತಿದ್ದೆ.

ಯೋಚನೆ ಮುಗಿಯುವ ಮೊದಲೇ ವೆರಿಗುಡ್ಡು ಬಾಗಿಲಲ್ಲಿ ನಿಂತಿದ್ದ.

"ಊರಿಂದ ಯಾವಾಗ ಬಂದ್ರಿ ಮೇಡಂ?" ಎಂದು ನಗುತ್ತ ಕೇಳಿದ.

ಹೆಂಡತಿ ಅವನ ಮುಖ ನೋಡಿದಳು. ಸಾಲಾಗಿ ನಿಂತಿದ್ದ ಕೋನುಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಕಾರಾಗಿದ್ದರೆ ಆ ನೋಟಕ್ಕೆ ಗಾಜು ಸೀಳಿಹೋಗುತ್ತಿತ್ತು. ನಾನು ಕೋನುಗಳನ್ನು ಒಂದರೊಳಗೊಂದು ಸೇರಿಸುವ ಕೆಲಸದಲ್ಲಿ ತುಂಬ ಶ್ರದ್ಧೆ ತೋರಿಸಿದೆ.

ಅವನು ಏನನ್ನೂ ಕೇಳದೆ ಬೆಲ್ಟು ಕಟ್ಟಿದ. ಅವಳು ಮೊದಮೊದಲು ಗೋಡೆ ಸವರಿಕೊಂಡು ಹೋದಳು, ಆಮೇಲೆ ಗೋಡೆ ಬಿಟ್ಟಳು. ಅವಳು ಹಿಮ್ಮಡಿ ಊರಿ ಬೆರಳು ಊರಿ ಪ್ಯಾಸೇಜಿನ ನಡುವಿಗೆ ಹೋಗಿದ್ದಾಗ ನಾನು ಆ ದೃಶ್ಯವನ್ನು ಕಂಡೆ. ಮಹಾಶಯ ಬೆಲ್ಟನ್ನು ಹಿಡಿದೇ ಇರಲಿಲ್ಲ! ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಂಜೆ ಗಾಳಿಗೆ ಹೊರಟವನ ಹಾಗೆ ಅವಳ ಹಿಂದೆ ನಡೆಯುತ್ತಿದ್ದ. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ಓಹೋ, ಇದೋ ಇವನ ವಿದ್ಯೆ! ಕೈ ಬಿಡುವುದಕ್ಕೆ ಫೀಸು ಬೇರೆ! ಕಳ್ಳ ಕೈಗೇ ಸಿಕ್ಕಿದ್ದ. ನಾನು ಬಿಡುತ್ತೇನೆಯೇ?

"ಏ, ಅವರು ನಿನ್ನ ಹಿಡ್ಕೊಂಡೇ ಇಲ್ಲ ಕಣೇ!"

ಅವಳು ನಿಲ್ಲಲಿಲ್ಲ, ತಿರುಗಲೂ ಇಲ್ಲ. "ಗೊತ್ತು ರೀ," ಎಂದಳು. "ಶುರುವಿಂದ್ಲೂ ಗೊತ್ತು."

ಪ್ಯಾಸೇಜಿನ ಕೊನೆ ಮುಟ್ಟಿದ ಅವಳು ನೇರ ಬೀರುವಿನ ಹತ್ತಿರ ಹೋಗಿ ಅಂಗಡಿಯ ಬೀಗದ ಕೈ ತೆಗೆದುಕೊಂಡಳು. ಇವತ್ತೇ ಹೋಗೋಣವಾ ಡಾಕ್ಟ್ರೇ ಎಂದು ಕೇಳಿದಳು. ಅವನು ವೆರಿ ಗುಡ್ ಎಂದ. ಬೇರೆ ಏನು ಹೇಳಿಯಾನು?

ಬೀದಿಯಲ್ಲಿ ನನ್ನ ಹೆಂಡತಿಯ ಬೆಲ್ಟು ಪರರ ಕೈಯಲ್ಲಿರುವುದೇ? ಸಾಧ್ಯವಿಲ್ಲ. ಹಿಡಿಯುವವನು ನಾನೇ ಎಂದು ಹಟ ಹಿಡಿದೆ. ಅವನು ನಕ್ಕು ಬಿಟ್ಟುಕೊಟ್ಟ, ಹೆಂಡತಿ ಮೇಲೆ ನೋಡಿ ಒಂದು ಉಸಿರು ಬಿಟ್ಟಳು. ಮೂವರೂ ಮೆರವಣಿಗೆ ಹೊರಟೆವು. ಮುಂದೆ ಅವಳು, ನಡುವೆ ನಾನು, ಹಿಂದೆ ಕೈ ಕಟ್ಟಿಕೊಂಡ ವೆರಿಗುಡ್ಡು. ನಾನು ಅಕ್ಕಪಕ್ಕದ ಮನೆಯವರಿಗೆಲ್ಲ ತಲೆಯಾಡಿಸುತ್ತ, ನಡೆಸುತ್ತಿರುವವನು ನಾನೇ ಎಂದು ಮುಖದಲ್ಲೇ ಸಾರುತ್ತ ಹೊರಟೆ. ಅರ್ಧ ಬೀದಿ ದಾಟಿದೆವು. ಅಂಗಡಿಯ ಬಾಗಿಲು ಕಾಣುತ್ತಿತ್ತು.

ಆ ಅಂಗಡಿಯ ಎದುರಿಗೇ ಇನ್ನೊಂದು ಡ್ರೈವಿಂಗ್ ಸ್ಕೂಲಿದೆ. ಅದರ ಯಜಮಾನನಾದ ಹಳದಿ ಕಾರಿನವನು ನನ್ನ ಹತ್ತಿರವೇ ಡ್ರೈವಿಂಗ್ ಕಲಿತು ನನ್ನ ಬೀದಿಯಲ್ಲೇ ಬೋರ್ಡು ಹಾಕಿದ ಪುಣ್ಯಾತ್ಮ. ಅದೇ ಹೊತ್ತಿಗೆ ಅವನ ಹಳದಿ ಕಾರು ಯಾರೋ ಹೊಸದಾಗಿ ಕಲಿಯುವವರ ಕೈಯಲ್ಲಿ ತಿರುವಿನಿಂದ ಬಂತು. ಬಂದದ್ದೇನೋ ಆಮೆಯ ವೇಗದಲ್ಲಿ, ಅದೂ ರಸ್ತೆಯ ಆ ಮಗ್ಗುಲಲ್ಲಿ. ಆದರೆ ನನ್ನ ಕಾಲು ಕೇಳಬೇಕಲ್ಲ! ಎಷ್ಟೋ ವರ್ಷದ ಅಭ್ಯಾಸ. ಬಲಗಾಲು ತಾನಾಗಿಯೇ ಎದ್ದು, ಇಲ್ಲದ ಬ್ರೇಕನ್ನು ದಡಕ್ಕನೆ ತುಳಿಯಿತು. ಅಲ್ಲಿದ್ದದ್ದು ಚರಂಡಿಯ ಮುಚ್ಚಳ. ಅದು ಮಗುಚಿತು. ನಾನು ಮೊಣಕಾಲಿನ ತನಕ ಇಳಿದೆ. ಬೆಲ್ಟು ಮಾತ್ರ ಬಿಡಲಿಲ್ಲ!

ಹೆಂಡತಿ ಕೋಲು ಊರಿ ಗಟ್ಟಿಯಾಗಿ ನಿಂತಳು. ಇನ್ನೊಂದು ಕೈಯಿಂದ ಹೊಟ್ಟೆಯ ಹತ್ತಿರವಿದ್ದ ಕೊಂಡಿಯನ್ನು ಟಕ್ಕೆಂದು ಬಿಡಿಸಿದಳು. ಬೆಲ್ಟು ನನ್ನ ಮುಖಕ್ಕೆ ಬಂದು ಬಡಿಯಿತು.

"ಡಾಕ್ಟ್ರೇ, ಇವರನ್ನ ಸ್ವಲ್ಪ ನೋಡ್ಕೊಳ್ಳಿ," ಎಂದಳು. "ನಾನು ಹೋಗಿ ಬಾಗಿಲು ತೆಗೆದಿರ್ತೀನಿ. ಕೂರಿಸೋಕೆ ಸ್ಟೂಲಿದೆ."

ಚರಂಡಿಯೊಳಗಿನಿಂದ ನಾನು ನೋಡುತ್ತಿದ್ದೆ. ಅವಳು ನೆಲ ನೋಡಲಿಲ್ಲ, ಅಂಗಡಿ ನೋಡುತ್ತ ನಡೆದಳು. ಹಿಮ್ಮಡಿ ಮೊದಲು, ಆಮೇಲೆ ಬೆರಳು. ಬೀಗ ತೆಗೆದಳು, ಬಾಗಿಲು ತಳ್ಳಿದಳು, ಒಳಗೆ ಹೋದಳು. ನನಗೆ ಹೆಮ್ಮೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಿಜ ಹೇಳಲೇ? ಆ ಹೊತ್ತಿನಲ್ಲೂ ಅವಳ ಆ ಕೋಲನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ನನ್ನನ್ನು ಮೇಲೆತ್ತಿ ಅಂಗಡಿಗೆ ಹೊತ್ತವರು ಇಬ್ಬರು. ಒಂದು ತೋಳಿಗೆ ವೆರಿಗುಡ್ಡು, ಇನ್ನೊಂದು ತೋಳಿಗೆ ಹಳದಿ ಕಾರಿನವನು. ವೈರಿಗಳ ಹೆಗಲೇರಿ ಇಷ್ಟು ವೈಭವದಿಂದ ಹೋದ ಗುರು ಇನ್ನೊಬ್ಬನಿರಲಾರ.

ಪಾದದ ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು. ಹೆಂಡತಿಯ ವಾಕರನ್ನೇ ನನ್ನ ಎತ್ತರಕ್ಕೆ ಸರಿಮಾಡಿ ಕೊಟ್ಟಿದ್ದಾರೆ. ವೆರಿಗುಡ್ಡು ಈಗ ನನಗಾಗಿ ಬರುತ್ತಾನೆ. ಅವನಿಗೆ ಕಪ್ಪು-ಬಸಿಯ ಮರ್ಯಾದೆ ಹಾಗೇ ಇದೆ. ಆದರೆ ನಾನು ಎಷ್ಟೇ ಚೆನ್ನಾಗಿ ಕಾಲೆತ್ತಿದರೂ ಅವನ ಬಾಯಿಂದ ಬರುವುದು "ಪರವಾಗಿಲ್ಲ ಸರ್" ಎಂಬ ಮಾತು ಮಾತ್ರ. ಅವನ ವೆರಿ ಗುಡ್ಡೆಲ್ಲ ಹೆಂಡತಿಯ ಮೇಲೆ ಖರ್ಚಾಗಿ ಹೋಗಿದೆ.

ಮೊನ್ನೆ ಅವಳು ಅಂಗಡಿಯಿಂದ ಬಂದು, ಇನ್ನು ಕಾರು ಓಡಿಸಬಹುದು ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದಾರೆ, ಕಲಿಯಬೇಕು ಅಂತಿದ್ದೇನೆ ಎಂದಳು. ನನ್ನ ಎದೆ ಉಬ್ಬಿತು. ಕೊನೆಗೂ ನನ್ನ ಸರದಿ! ಪ್ಲಾಸ್ಟರ್ ಬಿಚ್ಚಿದ ಮಾರನೆಯ ದಿನವೇ ಶುರು ಮಾಡೋಣ ಎಂದೆ.

"ಅಯ್ಯೋ, ಬೆಳಿಗ್ಗೆನೇ ಒಂದು ಕ್ಲಾಸ್ ಆಯ್ತಲ್ಲ ರೀ," ಎಂದಳು. "ಅಂಗಡಿ ಎದುರುಗಡೆಯವರ ಹತ್ರ. ಕಲಿಸುವಾಗ ಅವರು ಆ ಕಡೆ ಬ್ರೇಕ್ ಮೇಲೆ ಕಾಲೇ ಇಡಲ್ಲ. ಪಕ್ಕಕ್ಕೆ ಇಟ್ಕೊಂಡು ಸುಮ್ನೆ ಕೂತಿರ್ತಾರೆ."

ಇವತ್ತು ಬೆಳಿಗ್ಗೆ ವಾಕರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದೆ. ಹಳದಿ ಕಾರು ಬಂತು. ಸ್ಟಿಯರಿಂಗ್ ಹಿಂದೆ ನನ್ನ ಹೆಂಡತಿ, ಪಕ್ಕದಲ್ಲಿ ಕೈ ಕಟ್ಟಿಕೊಂಡು ಅವನು. ಕಾರು ತಿರುವಿನ ಕಡೆ ಹೋಗುತ್ತಿದ್ದಂತೆ ನನ್ನ ಬಲಗಾಲು, ಪ್ಲಾಸ್ಟರ್ ಹಾಕಿದ ಬಲಗಾಲು, ತಾನಾಗಿಯೇ ಎದ್ದು ನೆಲವನ್ನು ದಡಕ್ಕನೆ ತುಳಿಯಿತು.

ಕಣ್ಣಲ್ಲಿ ನೀರು ಬಂತು. ಕಾರು ಮಾತ್ರ ನಿಲ್ಲಲಿಲ್ಲ.