ಗೇರು ಎಂದರೆ ಗೇರೇ!

ತಪ್ಪು ನನ್ನದಲ್ಲ, ಮರಾಠಿಯದು! ಹಣ್ಣಿನ ಹೆಸರನ್ನು ಎತ್ತಿಕೊಂಡು ಹೋಗಿ ಮಣ್ಣಿಗೆ ಇಟ್ಟರೆ ಮನುಷ್ಯ ಹೇಗೆ ಬದುಕಬೇಕು, ಹೇಳಿ?

ನಮ್ಮ ಮಗಳು ಸುಹಾಸಿನಿಗೆ ಖಾನಾಪುರದ ಬಿಂದುಮಾಧವರಾಯರ ಮಗ ಗೊತ್ತಾಗಿದ್ದ. ರಾಯರು ಬೆಳಗಾವಿಗೆ ಬಂದಾಗ ಹೋಗುತ್ತ ಹೋಗುತ್ತ ಒಂದು ಮಾತು ಬಿಸಾಕಿ ಹೋದರು: "ನಿಶ್ಚಯಕ್ಕ ಬರೂ ಮುಂದ ಎರಡು ಶೇರು ಗೇರು ತರ್ರಿ. ಹೆಣ್ಣಿನವರ ಗೇರು ನಮ್ಮ ತುಳಸಿಕಟ್ಟಿಗೆ ಮುಟ್ಟಿದ ಮ್ಯಾಲೇ ವೀಳ್ಯ."

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಜಾಂಬೋಟಿ ಕಾಡಿನ ಗೇರುಮರಗಳನ್ನು ತಮ್ಮ ಮಗ್ಗುಲಲ್ಲೇ ಇಟ್ಟುಕೊಂಡು ನನ್ನನ್ನು ರವಿವಾರ ಪೇಟೆಗೆ ಅಟ್ಟುತ್ತಾರಲ್ಲ!

"ಅಯ್ಯ, ಅದು ತಿನ್ನೂ ಗೇರಲ್ರೀ," ಎಂದಳು ನನ್ನ ಹೆಂಡತಿ ಚಂದ್ರಭಾಗಾ. "ಮರಾಠಿಯೊಳಗ ಗೇರು ಅಂದ್ರ ಕಾವಿ, ಕೆಮ್ಮಣ್ಣು. ನನ್ನ ತವರುಮನಿ ಖಾನಾಪುರದಾಗ ಅದ. ನನಗ ಗೊತ್ತಿಲ್ಲೇನು?"

"ಕೆಂಪಿಗೆ ಎಷ್ಟು ಹೆಸರು ಬೇಕು? ಕುಂಕುಮ ಅದ, ಶೇಂದೂರ ಅದ, ಇಂಗಳೀಕ ಅದ, ಹುರಮಂಜ ಅದ. ಇಷ್ಟು ಸಾಲದಂತ ನನ್ನ ಗೇರಿಗೂ ಕೈ ಹಾಕತಾರೇನು? ಗೇರು ಅಂದ್ರ ಗೇರೇ!"

(ಶಬ್ದಗಳ ಹುಟ್ಟು ಹುಡುಕುವುದರಲ್ಲಿ ನಾನು ಮಹಾಪಂಡಿತ. ಕೆಮ್ಮಣ್ಣು ಹುಟ್ಟಿದ್ದು ಕೆಂಪಿನಿಂದಲ್ಲ, ಅದರ ಧೂಳು ಬರಿಸುವ ಕೆಮ್ಮಿನಿಂದ ಎಂದು ಮಾಸ್ತರರೊಡನೆ ಕಾದಾಡಿ, ನಾಲ್ಕನೇ ಇಯತ್ತೆಯಲ್ಲೇ ಸಾಲಿಗೆ ಶರಣು ಹೊಡೆದವನು.)

"ಹಿಂದಿನ ಸಂಬಂಧನೂ ಹಿಂಗ ಒಂದು ಶಬ್ದದ ಸಲುವಾಗೇ ಮುರೀತು," ಎಂದಳು ಚಂದ್ರಭಾಗಾ. "ಈ ಸರತೆನೂ ನೀವು ಬಾಯಿ ಮಾಡಿದ್ರ ಹುಡುಗಿ ಮನ್ಯಾಗ ಉಳೀತಾಳ."

"ನಾ ಎಲ್ಲಿ ಬಾಯಿ ಮಾಡ್ಲಿಕ್ಹತ್ತೀನಿ?" ಎಂದು ಕೂಗಿದೆ. ಹೊರಗೆ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಬೇರೆ ಓಣಿಗೆ ಹೋಯಿತು.

"ಕನ್ನಡ್ಯಾಗ ಮಾರಿ ನೋಡಕೋರಿ. ಆಗ ಶೇಂದೂರ ಇತ್ತು, ಈಗ ಕುಂಕುಮ. ಇಂಗಳೀಕ ಆಗೂದರೊಳಗ ಸ್ಟೇಶನ್ನಿಗೆ ನಡೀರಿ."

ದಾರಿಯಲ್ಲಿ ಹಟಕ್ಕೆ ಬಿದ್ದು ಎರಡು ಶೇರು ಗೋಡಂಬಿಯನ್ನೇ ಕೊಂಡೆ. ನಮ್ಮೂರಲ್ಲಿ ಕಾಂಗ್ರೆಸ್ ಅಧಿವೇಶನವಾದಾಗ ತೆಗೆದುಕೊಂಡಿದ್ದ ಬಿಳಿ ಖಾದಿ ಧೋತರವನ್ನು ಹಂಸದಂತೆ ಉಟ್ಟು, ಹೆಂಡತಿ ಮಗಳೊಡನೆ ರೈಲು ಹತ್ತಿದೆ. ಮಳೆಯ ಎರಚಲಿಗೆ ಕೂಡುವ ಬೆಂಚು ತೊಯ್ದು ತೊಪ್ಪೆಯಾಗಿತ್ತು. ಹೆಂಡತಿಯ ಗಂಟುಗಳಲ್ಲಿ ಮೆತ್ತಗಿನದೊಂದನ್ನು ಎಳೆದುಕೊಂಡೆ.

"ಅಯ್ಯ, ಅದರ ಮ್ಯಾಲೆ ಮಾತ್ರ ಕುಂದರಬ್ಯಾಡ್ರಿ!"

"ಎಲ್ಲಿ ಕುಂದರಬೇಕಂತ ನೀ ನನಗ ಹೇಳಬ್ಯಾಡ!" ಎಂದು ಸಿಂಹಾಸನಾರೂಢನಾದೆ. ಖಾನಾಪುರದವರೆಗೂ ಏಳಲಿಲ್ಲ.

ಬೀಗರ ಮನೆಯ ಅಂಗಳದಲ್ಲಿ ಸುಣ್ಣ ಬಳಿದ ತುಳಸಿಕಟ್ಟೆ ಬೋಳಾಗಿ ನಿಂತಿತ್ತು. ಭಟ್ಟರು, ನೆಂಟರು, ಎಲ್ಲರ ಕಣ್ಣೂ ನನ್ನ ಚೀಲದ ಮೇಲೆ. ನಾನು ಎದೆಯುಬ್ಬಿಸಿ ಗೋಡಂಬಿಯನ್ನು ತಾಟಿನಲ್ಲಿ ಸುರುವಿದೆ.

ವರನ ತಾಯಿ ರಾಧಾಬಾಯಿ ಒಂದು ಬೀಜವನ್ನೆತ್ತಿ ಹಿಂದೆ ಮುಂದೆ ನೋಡಿ ಕೇಳಿದರು: "ಇದನ್ನ ಕಟ್ಟಿಗೆ ಹೆಂಗ ಬಳೀಬೇಕ್ರೀ?"

ಯಾರೋ ಕಿಸಕ್ಕೆಂದರು. ಬಂತು ನೋಡಿ ನನ್ನ ಇಂಗಳೀಕ! "ಕನ್ನಡದೊಳಗ..." ಎಂದು ಗರ್ಜಿಸಲು ಬಾಯಿ ತೆರೆದೆ. ಬಾಗಿಲ ಮರೆಯಲ್ಲಿ ಸುಹಾಸಿನಿ ಅಳು ನುಂಗಿಕೊಂಡು ನನ್ನನ್ನೇ ನೋಡುತ್ತಿದ್ದಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಆಗ ಚಂದ್ರಭಾಗಾ ರಾಧಾಬಾಯಿಗೆ ಮೆಲ್ಲಗೆ ಹೇಳಿದಳು: "ಗೇರು ತಂದೀವ್ರಿ, ವೈನಿ. ಮುಕ್ಕಾಲು ಈ ಗಂಟಿನ್ಯಾಗ ಅದ. ಉಳಿದಿದ್ದು... ರೀ, ಒಂದೀಟು ಆ ಕಡೆ ತಿರುಗ್ರಿ."

ತಿರುಗಿದೆ. ಮನೆಯೆಲ್ಲ ಹೋ ಎಂದಿತು! ಭಟ್ಟರ ಕೈಯಿಂದ ಪಂಚಾಂಗ ಜಾರಿತು. ಗಂಟಿನೊಳಗಿನ ಕೆಮ್ಮಣ್ಣು ನೀರು ಕುಡಿದು ನನ್ನ ಹಂಸವನ್ನು ಹಿಂಬದಿಯಿಂದ ಮಂಗನನ್ನಾಗಿ ಮಾಡಿತ್ತು.

"ಬೀಗರು ಎರಡೂ ಭಾಷಾದ ಗೇರು ತಂದಾರ!" ಎಂದು ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಹಾಸಿನಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸಂಬಂಧ ಉಳಿಯಿತು.

ಗಂಟಿನಲ್ಲಿದ್ದದ್ದು ಕಟ್ಟೆಯ ಮೂರು ಮಗ್ಗುಲಿಗೆ ಸಾಕಾಯಿತು. ನಾಲ್ಕನೆಯದು ಬಿಳಿಯಾಗಿಯೇ ಉಳಿಯಿತು. ರಾಧಾಬಾಯಿ ನಾಚುತ್ತ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಉಸುರಿದರು. ಅವಳು ಬಂದು ಕೈ ಚಾಚಿದಳು: "ಧೋತರ ಬಿಚ್ಚಿ ಕೊಡ್ರಿ. ಬಕೀಟಿನಾಗ ಹಿಂಡಬೇಕು."

ಮಗಳಿಗಾಗಿ ಉಟ್ಟ ಬಟ್ಟೆಯನ್ನೇ ಮಾರಿಕೊಂಡ ತಂದೆಯರು ಇದ್ದಾರು. ಹಿಂಡಿಸಿಕೊಂಡವನು ನಾನೊಬ್ಬನೇ!

ಬೀಗರ ಮೋಟು ಪಂಚೆ ಸುತ್ತಿಕೊಂಡು, ಗೋಡಂಬಿಯ ತಾಟಿನ ಮುಂದೆ ಕುಳಿತೆ. ನಾಲ್ಕನೆಯ ಮಗ್ಗುಲೂ ಕೆಂಪಾಯಿತು.

"ಈಗ ಹೇಳ್ರಿ ಪಂಡಿತರ," ಎಂದಳು ಚಂದ್ರಭಾಗಾ. "ಗೇರು ಅಂದ್ರ ಏನು?"

ಬಾಯ್ತುಂಬ ಅದೇ ಇದ್ದುದರಿಂದ ನಾನು ಉತ್ತರ ಕೊಡಲಿಲ್ಲ.